ಐದನೇ ಕ್ಲಾಸಿನ ಮಗಳಿಗೆ ‘ವಂಡರ್’ ಕೊಡಬಹುದಾ ಅಂದವರಿಗೆ

ಕೊಡಬಹುದು ಮೇಡಂ, ಆದರೆ ಮೊದಲು ನೀವೊಂದು ಸಲ ಓದಿಕೊಳ್ಳಿ. ಮಗಳ ಕ್ಲಾಸಿಗೆ ಸೀಳುತುಟಿಯ ಆಪರೇಷನ್ ಆದ ಹುಡುಗ ಸೇರಿದ್ದಾನೆ, ಅವನ ಮಾತನ್ನು ಮಕ್ಕಳು ಅಣಕಿಸುತ್ತಾರೆ, ನಮ್ಮವಳು ನಗೋದಿಲ್ಲ ಆದರೆ ಬಾಯೂ ಬಿಡಲ್ಲ ಅಂತ ಬರೆದಿದ್ದೀರಲ್ಲ, ಹಾಗೆ ಸುಮ್ನೆ ನಿಲ್ಲೋ ಮಕ್ಕಳಿಗೇ ಈ ಪುಸ್ತಕ ಜಾಸ್ತಿ ತಟ್ಟುತ್ತದೆ.

ಆರ್.ಜೆ. ಪಲಾಸಿಯೊ 2012ರಲ್ಲಿ ಬರೆದ ಅಮೆರಿಕದ ಕಾದಂಬರಿ ಇದು. ನ್ಯೂಯಾರ್ಕಿನ ಆಗಸ್ಟ್ ಪುಲ್ಮನ್‌ಗೆ ಹತ್ತು ವರ್ಷ. ಹುಟ್ಟಿನಿಂದಲೇ ಅವನ ಮುಖ ಬೇರೆ ಥರ, 27 ಆಪರೇಷನ್ ಆಗಿವೆ. ಅಲ್ಲಿಯವರೆಗೆ ಅಮ್ಮನೇ ಮನೆಯಲ್ಲಿ ಪಾಠ ಹೇಳಿಕೊಡುತ್ತಿದ್ದಳು, ಐದನೇ ಕ್ಲಾಸಿಗೆ ಮೊದಲ ಸಲ ಸ್ಕೂಲು. ಅಧ್ಯಾಯಗಳು ಚಿಕ್ಕಚಿಕ್ಕವು, ಮಕ್ಕಳು ಬೇಗ ಓದುತ್ತಾರೆ.

ಆದರೆ ಕಥೆ ಪೂರ್ತಿ ಅವನ ಬಾಯಲ್ಲಿ ಇಲ್ಲ. ನಡುವೆ ಅವನ ಅಕ್ಕ ವಿಯಾ ಹೇಳುತ್ತಾಳೆ, ಗೆಳೆಯರಾದ ಸಮ್ಮರ್ ಮತ್ತು ಜ್ಯಾಕ್ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಪುಸ್ತಕದ ಜೀವ ಇರೋದು ಅಲ್ಲೇ. ವಿಯಾಗೆ ತಮ್ಮನೆಂದರೆ ಪ್ರಾಣ, ಆದರೂ ಹೊಸ ಹೈಸ್ಕೂಲಿನಲ್ಲಿ ಅವನ ವಿಷಯ ಯಾರಿಗೂ ಗೊತ್ತಾಗದಿರಲಿ ಅನ್ನಿಸುತ್ತದೆ, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತದೆ. ಸಮ್ಮರ್ ಮೊದಲ ದಿನ ಕ್ಯಾಂಟೀನಿನಲ್ಲಿ ಅವನು ಒಬ್ಬನೇ ಕೂತಿದ್ದು ನೋಡಿ ತಟ್ಟೆ ತಗೊಂಡು ಹೋಗಿ ಎದುರು ಕೂರುತ್ತಾಳೆ. ಅಷ್ಟೇ. ಭಾಷಣ ಇಲ್ಲ, ಯಾರ ಜೊತೆಗೂ ಜಗಳ ಇಲ್ಲ. ನಿಮ್ಮ ಮಗಳೂ ನಾಳೆ ಟಿಫಿನ್ ಬಾಕ್ಸ್ ಹಿಡಿದು ಮಾಡಬಹುದಾದ ಕೆಲಸ ಅದು, ಹಾಗಾಗಿ ಆ ಭಾಗವನ್ನು ಜೊತೆಗೆ ಕೂತು ಓದಿ.

ಎರಡು ಕಡೆ ಹುಷಾರು. ಮಕ್ಕಳು ವೇಷ ಹಾಕಿಕೊಳ್ಳೋ ಹ್ಯಾಲೊವೀನ್ ಹಬ್ಬದ ದಿನ ಆಗಸ್ಟ್ ಮುಖವಾಡ ಹಾಕಿಕೊಂಡು ಬಂದಿರುತ್ತಾನೆ, ಅದು ಅವನೇ ಅಂತ ಗೊತ್ತಿಲ್ಲದೆ ಜ್ಯಾಕ್ ಬೇರೆ ಹುಡುಗರ ಮುಂದೆ, ನನಗೆ ಅಂಥ ಮುಖ ಇದ್ದಿದ್ದರೆ ಸತ್ತೇ ಹೋಗುತ್ತಿದ್ದೆ ಅನ್ನೋ ಅರ್ಥದ ಮಾತಾಡುತ್ತಾನೆ. ಒಳ್ಳೆ ಹುಡುಗನೇ, ಗುಂಪಿನ ಜೊತೆ ಸೇರಿ ಆಡಿದ ಮಾತು. ಅಲ್ಲಿ ಪುಸ್ತಕ ಮುಚ್ಚಿಟ್ಟು ಮಗಳ ಹತ್ತಿರ ಮಾತಾಡಿ. ಇನ್ನೊಂದು, ಮನೆಯ ನಾಯಿ ಡೈಸಿ ಸಾಯುತ್ತದೆ. ನಾಯಿ ಸಾಕಿದ ಮನೆಯಾದರೆ ಮಲಗೋ ಹೊತ್ತಿಗೆ ಆ ಭಾಗ ಬೇಡ, ಗಂಗಾ ಕಾವೇರಿ ಗ್ಯಾರಂಟಿ!

ಕೊನೆ ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ. ವರ್ಷದ ಕೊನೆಗೆ ಅವನಿಗೆ ಮೆಡಲ್ಲು, ಎಲ್ಲರೂ ಎದ್ದು ನಿಂತು ಚಪ್ಪಾಳೆ. ಎಲ್ಲರ ಹಾಗೆ ಸ್ಕೂಲಿಗೆ ಬಂದು ಪಾಠ ಕಲಿತ ಹುಡುಗನಿಗೆ ಅಷ್ಟೆಲ್ಲ ಯಾಕೆ? ಮಗಳನ್ನೂ ಕೇಳಿ ನೋಡಿ, ಮಕ್ಕಳು ಇದಕ್ಕೆ ಚೆನ್ನಾಗಿ ವಾದ ಮಾಡುತ್ತಾರೆ.

2017ರ ಸಿನಿಮಾ ಆಮೇಲೆ ನೋಡಿ. ಪುಸ್ತಕದಲ್ಲಿ ಆಗಸ್ಟ್ ತನ್ನ ಮುಖ ಹೇಗಿದೆ ಅಂತ ಹೇಳೋದೇ ಇಲ್ಲ, ನೀವು ಅಂದುಕೊಂಡಿದ್ದಕ್ಕಿಂತ ಕೆಟ್ಟದಾಗಿರಬಹುದು ಅಂತ ಬಿಟ್ಟುಬಿಡುತ್ತಾನೆ. ಮೊದಲೇ ಸಿನಿಮಾ ನೋಡಿದರೆ ಆ ಮಜಾ ಹೋಯಿತು. ಇಂಗ್ಲಿಷ್ ಕಷ್ಟವಾದರೆ ನೀವು ಓದಿ ಕನ್ನಡದಲ್ಲಿ ಹೇಳುತ್ತಾ ಹೋಗಿ. ವಿಯಾಳ ಗೆಳೆಯ ಜಸ್ಟಿನ್ ಕಥೆ ಹೇಳೋ ಭಾಗದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳೇ ಇಲ್ಲ, ಪ್ರಿಂಟ್ ತಪ್ಪಲ್ಲ, ಬೇಕಂತಲೇ ಹಾಗೆ ಬರೆದಿದ್ದು.

ಗ್ರಹಣದ ವಿಷಯವೂ ಕೇಳಿದ್ದಿರಿ. ಬಸುರಿ ಗ್ರಹಣ ನೋಡಿದ್ದಕ್ಕೆ, ತರಕಾರಿ ಹೆಚ್ಚಿದ್ದಕ್ಕೆ ತುಟಿ ಸೀಳಿತು ಅಂತ ಅಜ್ಜಿ ಹೇಳಿದ್ದು ಮಗಳ ತಲೆಯಲ್ಲಿದ್ದರೆ ಅದನ್ನು ನೇರವಾಗಿ ತೆಗೆದುಹಾಕಿ. ಬಸುರಿನ ಮೊದಲ ಎರಡು ಮೂರು ತಿಂಗಳಲ್ಲಿ ತುಟಿಯ ಎರಡು ಬದಿ ಸರಿಯಾಗಿ ಕೂಡಿಕೊಳ್ಳದೆ ಹಾಗಾಗುತ್ತದೆ, ಗ್ರಹಣಕ್ಕೂ ಅದಕ್ಕೂ ಸಂಬಂಧ ಇಲ್ಲ, ಅಮ್ಮನ ತಪ್ಪೂ ಅಲ್ಲ. ಅಂಗುಳವೂ ಸೀಳಿದ್ದರೆ ಗಾಳಿ ಮೂಗಿನಿಂದ ಹೋಗಿ ಮಾತು ಬೇರೆ ಥರ ಕೇಳಿಸುತ್ತದೆ, ಬುದ್ಧಿಗೇನೂ ಕಮ್ಮಿ ಇರಲ್ಲ.

ಆ ಹುಡುಗನ ಹುಟ್ಟುಹಬ್ಬಕ್ಕೆ ಇದನ್ನೇ ಕೊಡಲಾ ಅಂದಿರಿ. ದಯವಿಟ್ಟು ಬೇಡ, ಎಲ್ಲರ ಮುಂದೆ ಬಿಚ್ಚಿ ನೋಡಿದಾಗ ಅವನಿಗೆ ಹೇಗಾಗಬೇಡ? ಅವನಿಗೆ ಏನಿಷ್ಟ ಅಂತ ಮಗಳಿಗೇ ಕೇಳಿಕೊಂಡು ಬಾ ಅನ್ನಿ. ಕ್ರಿಕೆಟ್ ಅಂದರೆ ಬಾಲ್ ಕೊಡಿ.