ಹೀಟ್ ಪಂಪ್ ವೈರಿಂಗ್: ದಯವಿಟ್ಟು ಹಸಿರು ವೈರಿಗೆ ಕತ್ತರಿ ಹಾಕಬೇಡಿ

ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಈ ಸಲ ಜಾಸ್ತಿ ಜಾಗ ಅದಕ್ಕೇ ಕೊಡುತ್ತೇನೆ. ಹೀಟ್ ಪಂಪ್ (ಹೊರಗಿನ ಗಾಳಿಯ ಬಿಸಿ ಎಳೆದುಕೊಂಡು ನೀರು ಕಾಯಿಸುವ ಯಂತ್ರ) ಯೂನಿಟ್ ಎಲ್ಲಿ ಕೂರಿಸಬೇಕು, ಗೋಡೆಯಿಂದ ಎಷ್ಟು ದೂರ ಇರಬೇಕು ಅನ್ನೋದೆಲ್ಲ ಅದರ ಜೊತೆ ಬರುವ ಪುಸ್ತಕದಲ್ಲಿ ಚಿತ್ರ ಸಮೇತ ಇದೆ. ಅದನ್ನು ಓದಿಕೊಳ್ಳಿ.

ಪ್ರಶ್ನೆ: ನೀರು ಕಾಯಿಸುವ ಹೀಟ್ ಪಂಪ್ ಹಾಕಿಸಿದೆವು. ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟು ಕಟ್ ಮಾಡುವ ಸ್ವಿಚ್) ಟ್ರಿಪ್ ಆಗುತ್ತಿತ್ತು. ವೈರಿಂಗ್ ಮಾಡಿದವರು ಹಸಿರು ಬಣ್ಣದ ಅರ್ಥ್ ವೈರು ಬಿಚ್ಚಿಟ್ಟರು. ಈಗ ಟ್ರಿಪ್ ಆಗುತ್ತಿಲ್ಲ, ನೀರೂ ಚೆನ್ನಾಗಿ ಕಾಯುತ್ತಿದೆ. ಹೀಗೇ ಬಿಡಬಹುದಾ?

ಬಿಡಬಾರದು. ಮೊದಲು ಎದ್ದು ಹೋಗಿ ಆ ಯೂನಿಟ್ಟಿನ ಎಂಸಿಬಿ (ಲೋಡು ಜಾಸ್ತಿಯಾದರೆ ಬೀಳುವ ಸ್ವಿಚ್) ಆಫ್ ಮಾಡಿ ಬನ್ನಿ. ಉಳಿದದ್ದು ಆಮೇಲೆ ಓದಿ.

ಫೇಸ್‌ನಲ್ಲಿ ಹೋದ ಕರೆಂಟು ಅಷ್ಟಕ್ಕಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಎಂದು ಆರ್‌ಸಿಸಿಬಿ ನೋಡುತ್ತಿರುತ್ತದೆ. ಮನೆಗಳಲ್ಲಿ ಹಾಕುವುದು 30 ಮಿಲಿಆಂಪಿಯರ್‌ನದು. ಅಷ್ಟು ಕರೆಂಟು ಬೇರೆ ದಾರಿ ಹಿಡಿದರೆ ಅದು ಬೀಳಲೇಬೇಕು. ಅಂದರೆ ನಿಮ್ಮ ಯೂನಿಟ್ಟಿನಲ್ಲಿ ಎಲ್ಲೋ ಕರೆಂಟು ಸೋರುತ್ತಿತ್ತು. ಅರ್ಥ್ ವೈರು ಬಿಚ್ಚಿದ್ದರಿಂದ ಆ ಸೋರಿಕೆ ನಿಂತಿಲ್ಲ. ಅದು ಹೋಗುತ್ತಿದ್ದ ದಾರಿ ಮಾತ್ರ ಮುಚ್ಚಿದೆ. ಈಗ ಅದು ಯೂನಿಟ್ಟಿನ ಮೈಮೇಲೆ ಕಾಯುತ್ತಾ ಕೂತಿದೆ. ಒದ್ದೆ ಕೈಯಲ್ಲಿ ಯಾರು ಮೊದಲು ಮುಟ್ಟುತ್ತಾರೋ ಅವರೇ ಅದರ ದಾರಿ. ಆಗ ಆರ್‌ಸಿಸಿಬಿ ಬೀಳಬಹುದು, ಆದರೆ ಶಾಕ್ ಹೊಡೆದ ಮೇಲೆ. ಅರ್ಥಿಂಗ್ ಇದ್ದಿದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತಿತ್ತು.

ಒಂದು ಮನೆಗೆ ಹೋಗಿದ್ದೆ. ಬಕೆಟ್ಟಿಗೆ ನೀರು ಬಿಡುವಾಗ ನಲ್ಲಿ ಜುಮ್ ಅನ್ನುತ್ತದೆ ಅಂತ ಆ ಮನೆಯ ಅಜ್ಜಿ ಎಷ್ಟೋ ದಿನದಿಂದ ಹೇಳುತ್ತಿದ್ದರಂತೆ. ವಯಸ್ಸಾಗಿದೆ, ಕೈ ಜೋಮು ಹಿಡಿದಿರಬೇಕು ಎಂದು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹೊರಗಿನ ಯೂನಿಟ್ಟಿನ ಟರ್ಮಿನಲ್ ಮುಚ್ಚಳ ತೆಗೆದೆ. ಹಸಿರು ವೈರನ್ನು ಕತ್ತರಿಸಿ, ತುದಿಗೆ ಕಪ್ಪು ಟೇಪು ಸುತ್ತಿ, ಮಡಚಿ ಮೂಲೆಗೆ ತುರುಕಿದ್ದರು. ಟೇಪು ಬಹಳ ನೀಟಾಗಿ ಸುತ್ತಿದ್ದರು. ನನಗೆ ಹೊಟ್ಟೆ ಉರಿದದ್ದು ಅದಕ್ಕೇ. ಮರೆತು ಬಿಟ್ಟದ್ದಲ್ಲ, ಗೊತ್ತಿದ್ದೇ ಮಾಡಿದ ಕೆಲಸ. ಮೀಟರಿನ ಒಂದು ಕಡ್ಡಿ ಯೂನಿಟ್ಟಿನ ಮೈಗೆ, ಇನ್ನೊಂದು ಅರ್ಥ್‌ಗೆ ಹಿಡಿದರೆ 110 ವೋಲ್ಟ್ ತೋರಿಸಿತು. ಅಲ್ಲಿಂದ ಲೋಹದ ಪೈಪಿನ ಮೂಲಕ ನಲ್ಲಿಗೆ, ನಲ್ಲಿಯಿಂದ ಅಜ್ಜಿಯ ಕೈಗೆ.

ಇನ್ವರ್ಟರ್ ಯೂನಿಟ್ಟುಗಳ (ಬ್ಯಾಟರಿ ಇನ್ವರ್ಟರ್ ಅಲ್ಲ, ಕಂಪ್ರೆಸರ್ ವೇಗವನ್ನು ಹೆಚ್ಚು ಕಡಿಮೆ ಮಾಡುವಂಥವು) ಬೋರ್ಡಿನಲ್ಲಿ ಫಿಲ್ಟರ್ ಕೆಪಾಸಿಟರ್‌ಗಳು ಇರುತ್ತವೆ. ಅರ್ಥ್ ಇಲ್ಲದಿದ್ದರೆ ಅವು ಯೂನಿಟ್ಟಿನ ಮೈಯನ್ನು 230 ವೋಲ್ಟಿನ ಸುಮಾರು ಅರ್ಧಕ್ಕೆ ಏರಿಸಿ ಇಡುತ್ತವೆ. ಆ ಕರೆಂಟು ಚಿಕ್ಕದು, ಜುಮ್ ಅನ್ನಿಸುವಷ್ಟು. ಆದರೆ ಆ ಮನೆಯ ನಿಜವಾದ ಸೋರಿಕೆ ಬೇರೆ ಕಡೆ ಇತ್ತು. ಕೇಬಲ್ಲನ್ನು ಡಬ್ಬಿಯ ಮೇಲುಭಾಗದಿಂದ ನೇರ ಒಳಗೆ ಬಿಟ್ಟಿದ್ದರು. ಮಳೆನೀರು ಕೇಬಲ್ ಹಿಡಿದುಕೊಂಡೇ ಟರ್ಮಿನಲ್ಲಿಗೆ ಇಳಿದು, ಸ್ಕ್ರೂಗಳೆಲ್ಲ ಕಿಲುಬು ಹಿಡಿದಿದ್ದವು. ನಾನು ಹೋದ ದಿನ ಒಣಗಿತ್ತು. ಜೋರು ಮಳೆ ಬಂದಿದ್ದರೆ ಆ 110 ಎನ್ನುವುದು 230ರ ಹತ್ತಿರ ಹೋಗಬಹುದಿತ್ತು, ಅದೂ ಜುಮ್ ಎನ್ನಿಸಿ ಬಿಡುವ ಕರೆಂಟಲ್ಲ. ಮಾಡಬೇಕಿದ್ದ ಕೆಲಸ ಇಷ್ಟೇ: ಹೊಸ ಟರ್ಮಿನಲ್ ಬ್ಲಾಕು, ಕೆಳಗಿನಿಂದ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯಾಗಿ ಕೂರುವ ಬಿರಡೆ) ಹಾಕಿ ಕೇಬಲ್ ಒಳಗೆ ತರುವುದು, ಅದಕ್ಕೂ ಮೊದಲು ಕೇಬಲ್ಲನ್ನು ಒಂದು ಸುತ್ತು ಕೆಳಕ್ಕೆ ಇಳಿಬಿಡುವುದು. ನೀರು ಆ ಸುತ್ತಿನ ತಳದಿಂದಲೇ ತೊಟ್ಟಿಕ್ಕಿ ಹೋಗುತ್ತದೆ.

ನಿಮ್ಮ ಮನೆಯಲ್ಲಿ ಸೋರಿಕೆ ಎಲ್ಲಿದೆ ಅನ್ನೋದನ್ನು ಟ್ರಿಪ್ ಆಗುವ ಸಮಯವೇ ಅರ್ಧ ಹೇಳುತ್ತದೆ. ಮಳೆ ಬಂದಾಗ ಮಾತ್ರ ಬಿದ್ದರೆ ಹೊರಗಿನ ಡಬ್ಬಿ ನೋಡಿಸಿ. ಚೆನ್ನಾಗಿ ಓಡುತ್ತಿದ್ದು, ಟ್ಯಾಂಕಿನೊಳಗಿನ ಹೀಟರ್ ಕಾಯಿಲ್ ಆನ್ ಆದ ಕೂಡಲೇ ಬಿದ್ದರೆ ಕಾಯಿಲ್‌ನೊಳಗೆ ತೇವ ಹೋಗಿರಬಹುದು. ಯೂನಿಟ್ಟಿನ ಎಂಸಿಬಿ ಆಫ್ ಇದ್ದಾಗಲೂ ಬೀಳುತ್ತಿದ್ದರೆ, ಎಲ್ಲೋ ನ್ಯೂಟ್ರಲ್ಲು ಅರ್ಥ್‌ಗೆ ತಾಗುತ್ತಿರಬಹುದು. ಸಿಂಗಲ್ ಪೋಲ್ ಎಂಸಿಬಿ ನ್ಯೂಟ್ರಲ್ಲನ್ನು ಕಟ್ ಮಾಡುವುದಿಲ್ಲ ಅನ್ನೋದು ಎಷ್ಟೋ ಜನ ಕೆಲಸದವರಿಗೇ ನೆನಪಿರುವುದಿಲ್ಲ. ಹೊತ್ತುಗೊತ್ತಿಲ್ಲದೆ ಬಿದ್ದರೆ, ಅದೇ ಆರ್‌ಸಿಸಿಬಿ ಮೇಲೆ ವಾಷಿಂಗ್ ಮಷಿನ್, ಕಂಪ್ಯೂಟರ್ ಎಲ್ಲ ಇವೆಯಾ ನೋಡಿ. ಒಂದೊಂದರ ಸಣ್ಣ ಸೋರಿಕೆ ಕೂಡುತ್ತಾ ಹೋಗುತ್ತದೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ, ಸೋರಿಕೆ 15 ಮಿಲಿಆಂಪಿಯರ್ ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಹೀಟ್ ಪಂಪಿಗೆ ಡಿಬಿಯಿಂದಲೇ (ಮನೆಯ ಎಲ್ಲ ಎಂಸಿಬಿಗಳಿರುವ ಡಬ್ಬಿ) ಬೇರೆ ಲೈನು, ಅದಕ್ಕೆ ಅದರದೇ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡೂ ಒಂದರಲ್ಲೇ ಇರುವುದು) ಕೊಡಿ. ಯಾವ ಟೈಪಿನದು ಅನ್ನೋದು ಯೂನಿಟ್ಟಿನ ಪುಸ್ತಕದಲ್ಲಿ ಇರುತ್ತದೆ. ಇನ್ವರ್ಟರ್ ಯೂನಿಟ್ ಇರುವ ಕಡೆ, ಎಸಿ ಕರೆಂಟಿನ ಸೋರಿಕೆ ಮಾತ್ರ ಗುರುತಿಸುವ ಹಳೆಯ 'ಎಸಿ ಟೈಪ್' ನಂಬಬೇಡಿ. ಸೋರುವ ಕರೆಂಟಿನಲ್ಲಿ ಡಿಸಿ ಬೆರೆತರೆ ಅದು ಬೀಳಬೇಕಾದಾಗ ಬೀಳದೇ ಇರಬಹುದು.

ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಾಕುವವರಿಗೆ ಒಂದು ಮಾತು. ಕಾಯಿಲ್ಲು, ಕಂಪ್ರೆಸರ್, ಕೇಬಲ್ ಮೂರನ್ನೂ ಬೋರ್ಡಿನಿಂದ ಬಿಚ್ಚಿ, ಬೇರೆ ಬೇರೆಯಾಗಿ 500 ವೋಲ್ಟಿನಲ್ಲಿ ನೋಡಿ. ಬೋರ್ಡ್ ಸಮೇತ ಮೆಗ್ಗರ್ ಕೊಟ್ಟರೆ ಬೋರ್ಡು ಹೋಗುತ್ತದೆ.

ಅರ್ಥ್ ಬದಲು ಹಸಿರು ವೈರನ್ನು ನ್ಯೂಟ್ರಲ್ಲಿಗೆ ಸೇರಿಸಿ, ಯೂನಿಟ್ಟನ್ನು ಆರ್‌ಸಿಸಿಬಿಯಿಂದಲೇ ಹೊರಗೆ ತೆಗೆಯುವವರೂ ಇದ್ದಾರೆ. ಇದು ಇನ್ನೂ ಕೆಟ್ಟದ್ದು. ನ್ಯೂಟ್ರಲ್ ಎಲ್ಲಾದರೂ ಕಡಿದ ಕ್ಷಣ ಪೂರ್ತಿ 230 ವೋಲ್ಟ್ ಯೂನಿಟ್ಟಿನ ಮೈಗೆ ಬರುತ್ತದೆ. ನೀರಿನ ಪೈಪಿಗೆ ಕಟ್ಟುವುದೂ ಬೇಡ. ಮಧ್ಯೆ ಒಂದಡಿ ಪ್ಲಾಸ್ಟಿಕ್ ಪೈಪು ಬಂದರೆ ಅಲ್ಲಿಗೆ ಅರ್ಥಿಂಗ್ ಮುಗಿಯಿತು. ಇಂಥದ್ದನ್ನು ಮಾಡಿ ಕೊಟ್ಟು ದುಡ್ಡು ತಗೊಂಡು ಹೋದವರನ್ನು ಮತ್ತೆ ಮನೆಗೆ ಕರೀಬೇಡಿ. ಲೈಸೆನ್ಸ್ ಇರುವ ಬೇರೆಯವರನ್ನು ಕರೆಸಿ. ಸರಿಯಾದ ಮೇಲೆ ತಿಂಗಳಿಗೊಮ್ಮೆ ಆರ್‌ಸಿಬಿಒ ಟೆಸ್ಟ್ ಬಟನ್ ಒತ್ತಿ ನೋಡಿ.

ಪ್ರಶ್ನೆ: ಎಂಸಿಬಿ ಪದೇ ಪದೇ ಬೀಳುತ್ತಿದೆ. 20 ಆಂಪಿಯರ್ ತೆಗೆದು 32 ಹಾಕಲಾ?

ಬೇಡ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ವೈರು ಅದೇ ಇದ್ದು ಎಂಸಿಬಿ ದೊಡ್ಡದಾದರೆ ಬೆಂಕಿ ಹತ್ತುವುದು ಗೋಡೆಯೊಳಗೆ.

ಪ್ರಶ್ನೆ: ಸದ್ಯಕ್ಕೆ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಬಹುದಾ?

ಒಂದು ದಿನಕ್ಕೂ ಬೇಡ.

ಪ್ರಶ್ನೆ: ಒಳಗಿನ ಮತ್ತು ಹೊರಗಿನ ಯೂನಿಟ್ ಮಧ್ಯದ ಕೇಬಲ್ ಗಿಡ್ಡವಾಯಿತು. ಜಾಯಿಂಟ್ ಹಾಕಬಹುದಾ?

ಬೇಡ, ಒಂದೇ ತುಂಡಿನ ಹೊಸ ಕೇಬಲ್ ಎಳೆಸಿ. ಎರಡೂ ಕಡೆ ವೈರಿನ ಬಣ್ಣ ನೋಡಿ ಜೋಡಿಸಬೇಡಿ, ಟರ್ಮಿನಲ್ ನಂಬರ್ ನೋಡಿ. ಸಿಗ್ನಲ್ ಟರ್ಮಿನಲ್ಲಿಗೆ ಫೇಸ್ ಹೋದರೆ ಬೋರ್ಡು ಸುಡುತ್ತದೆ.

ಪ್ರಶ್ನೆ: ಸ್ವಿಚ್ ಆಫ್ ಮಾಡಿ ನಾನೇ ಮುಚ್ಚಳ ತೆಗೆದು ನೋಡಬಹುದಲ್ವಾ?

ಆಫ್ ಮಾಡಿದ ಮೇಲೂ ಇನ್ವರ್ಟರ್ ಬೋರ್ಡಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗಿಂತ ಜಾಸ್ತಿ ಡಿಸಿ ಉಳಿದಿರುತ್ತದೆ. ಎಷ್ಟು ನಿಮಿಷ ಕಾಯಬೇಕು ಎಂದು ಮುಚ್ಚಳದ ಮೇಲೆ ಬರೆದಿರುತ್ತದೆ. ಕಾದ ಮೇಲೂ ಮೀಟರ್ ಇಟ್ಟು ನೋಡದೆ ನಾನು ಕೈ ಹಾಕುವುದಿಲ್ಲ. ಮೀಟರ್ ಬಳಸಲು ಬಾರದಿದ್ದರೆ ಮುಚ್ಚಳ ತೆಗೆಯಬೇಡಿ.

ಪ್ರಶ್ನೆ: ವ್ಯಾಕ್ಯೂಮ್ ಪಂಪ್ ತರದೆ, ಸ್ವಲ್ಪ ಗ್ಯಾಸ್ ಬಿಟ್ಟು ಪೈಪಿನ ಗಾಳಿ ಹೊರಹಾಕಿದರು. ನಡೆಯುತ್ತದಾ?

ನಡೆಯಲ್ಲ. ಉಳಿದ ತೇವ ಕಂಪ್ರೆಸರ್ ಆಯಿಲ್ ಜೊತೆ ಸೇರಿ ಆಸಿಡ್ ಆಗುತ್ತದೆ. ಈಗಿನ ಯೂನಿಟ್ಟುಗಳಲ್ಲಿ ತುಂಬುವ ಆರ್32 ಹತ್ತಿಕೊಳ್ಳುವ ಗ್ಯಾಸು, ಆರ್290 ಅಂದರೆ ಪ್ರೊಪೇನ್, ಅದೂ ಹತ್ತಿಕೊಳ್ಳುವುದೇ. ಇಂಥ ಗ್ಯಾಸನ್ನು ಸುಮ್ನೆ ಹೊರಗೆ ಬಿಡುವವರಿಗೆ ಈ ಕೆಲಸ ಗೊತ್ತಿಲ್ಲ. ಲೀಕ್ ನೋಡಲು ಆಕ್ಸಿಜನ್ ಸಿಲಿಂಡರ್ ತಂದರೆ ಬಾಗಿಲಲ್ಲೇ ತಡೆಯಿರಿ. ಆಯಿಲ್ ಇರುವ ಪೈಪಿಗೆ ಆಕ್ಸಿಜನ್ ತುಂಬಿದರೆ ಸ್ಫೋಟ ಆಗುತ್ತದೆ. ಒತ್ತಡ ಕೊಟ್ಟು ನೋಡುವುದು ನೈಟ್ರೋಜನ್‌ನಲ್ಲಿ, ಅದೂ ರೆಗ್ಯುಲೇಟರ್ ಹಾಕಿ.

ಪ್ರಶ್ನೆ: ಟ್ಯಾಂಕಿನ ಪ್ರೆಶರ್ ವಾಲ್ವ್ ತೊಟ್ಟಿಕ್ಕುತ್ತದೆ. ಪ್ಲಗ್ ಹಾಕಿ ಮುಚ್ಚಿದ್ದೇವೆ. ಪರವಾಗಿಲ್ವಾ?

ನೀರು ಕಾದಾಗ ಹಿಗ್ಗುತ್ತದೆ. ಆ ಒತ್ತಡಕ್ಕೆ ಇರುವ ದಾರಿಯನ್ನೇ ಮುಚ್ಚಿದ್ದೀರಿ. ಥರ್ಮೋಸ್ಟಾಟ್ ಕೆಟ್ಟ ದಿನ ಟ್ಯಾಂಕು ಸಿಡಿಯುತ್ತದೆ. ಈಗಲೇ ಯೂನಿಟ್ ಆಫ್ ಮಾಡಿ. ನೀರು ಪೂರ್ತಿ ತಣ್ಣಗಾದ ಮೇಲೆ ಪ್ಲಗ್ ತೆಗೆಸಿ, ವಾಲ್ವಿನ ಬಾಯಿಂದ ಕೆಳಮುಖವಾಗಿ ಪೈಪು ಕೊಟ್ಟು ಕಾಣುವ ಕಡೆ ಬಿಡಿಸಿ. ಆಮೇಲೂ ದಿನವಿಡೀ ಸುರಿಯುತ್ತಿದ್ದರೆ ಒಳಬರುವ ನೀರಿನ ಒತ್ತಡ ಅಳೆಸಿ, ವಾಲ್ವ್ ಬದಲಿಸಿ.