'ಬಹುಶಃ' ಎಲ್ಲಿ ಕಳೆದುಹೋಯಿತು?

ಆತ್ಮೀಯರೇ,

ದಾವಣಗೆರೆಯಿಂದ ನೀವು ಕಳಿಸಿದ 'ಪೋಕೆಮಾನ್ ಸಮಾಜ: ಮುಚ್ಚಿಟ್ಟ ಯುದ್ಧ' ಲೇಖನ ಕೈಸೇರಿದೆ. ಹನ್ನೊಂದು ಪುಟವನ್ನೂ ಎರಡು ಸಲ ಓದಿದೆ. ಭಾಷೆ ಸಲೀಸಾಗಿದೆ, ಕಾಗುಣಿತ ಶುದ್ಧವಾಗಿದೆ, ವಿಷಯ ನಮ್ಮ ಪತ್ರಿಕೆಗೆ ಹೊಸದು. ಆದರೂ ಈ ಸಂಚಿಕೆಗೆ ತೆಗೆದುಕೊಳ್ಳುತ್ತಿಲ್ಲ. ಕಾರಣ ಹೇಳದೆ ಹಿಂದಿರುಗಿಸುವಂಥ ಬರಹ ಇದಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ನಿಮ್ಮ ವಾದ ಇಷ್ಟು. 1996ರಲ್ಲಿ ಜಪಾನಿನಲ್ಲಿ, ಕೈಯಲ್ಲಿ ಹಿಡಿದು ಆಡುವ ಯಂತ್ರವಾದ ಗೇಮ್ ಬಾಯ್‌ಗೆಂದು ಬಂದ ಮೊದಲ ಪೋಕೆಮಾನ್ ಆಟದ, ಅಂದರೆ ಪೋಕೆಮಾನ್ ಎಂಬ ವಿಚಿತ್ರ ಪ್ರಾಣಿಗಳನ್ನು ಹಿಡಿದು ಸೆಣಸಾಡಿಸುವ ಆಟದ, ಕಾಂಟೋ ಪ್ರಾಂತ್ಯದಲ್ಲಿ, ಕಥೆ ಶುರುವಾಗುವ ಸ್ವಲ್ಪ ಮುಂಚೆ ದೊಡ್ಡ ಯುದ್ಧವಾಗಿದೆ. ಗಂಡಸರು ಸತ್ತಿದ್ದಾರೆ. ಅದಕ್ಕೇ ನಾಯಕನ ಮನೆಯಲ್ಲಿ ತಾಯಿ ಒಬ್ಬಳೇ, ಅದಕ್ಕೇ ಮಕ್ಕಳು ಒಂಟಿಯಾಗಿ ಊರೂರು ತಿರುಗುತ್ತಾರೆ. ಅಭಿಮಾನಿಗಳ ನಡುವೆ ಬಹಳ ಕಾಲದಿಂದ ಓಡಾಡುತ್ತಿರುವ ಊಹೆ ಇದು. ಹಳೆಯದು ಅನ್ನುವುದು ನನ್ನ ತಕರಾರಲ್ಲ.

ತಕರಾರು ಒಂದು ಪದದ್ದು. ನಿಮ್ಮವೇ ನಾಲ್ಕು ತುಣುಕುಗಳನ್ನು ಸಾಲಾಗಿ ಇಡುತ್ತೇನೆ.

ಎರಡನೇ ಪುಟದಲ್ಲಿ: 'ಬಹುಶಃ ಕಾಂಟೋದಲ್ಲಿ ಯುದ್ಧ ನಡೆದಿರಬಹುದು.' ನಾಲ್ಕನೇ ಪುಟದಲ್ಲಿ: 'ಕಾಂಟೋದಲ್ಲಿ ಯುದ್ಧ ನಡೆದಿರಲೇಬೇಕು.' ಆರನೇ ಪುಟದಲ್ಲಿ: 'ಯುದ್ಧದಲ್ಲಿ ಗಂಡಸರು ಸತ್ತಿದ್ದರಿಂದ...' ಒಂಬತ್ತನೇ ಪುಟದಲ್ಲಿ: 'ಯುದ್ಧಾನಂತರದ ಈ ಸಮಾಜ...'

ಇರಬಹುದು, ಇರಲೇಬೇಕು, ಇದ್ದರಿಂದ, ಆನಂತರ. ಏಳು ಪುಟಗಳಲ್ಲಿ ಕ್ರಿಯಾಪದದ ಬಾಲ ಮೂರು ಸಲ ಬದಲಾಯಿತು. ಆ ಏಳು ಪುಟಗಳಲ್ಲಿ ಹೊಸ ಸಾಕ್ಷಿ ಒಂದಾದರೂ ಬಂತಾ ಅಂತ ಹುಡುಕಿದೆ. ಬಂದಿಲ್ಲ. ಓದುತ್ತಾ ನನಗೆ ಸಿಟ್ಟು ಬಂದದ್ದು ಇಲ್ಲಿ. ಓದುಗ 'ಬಹುಶಃ'ಗೆ ಒಪ್ಪಿ ಒಳಗೆ ಬಂದವನು. ಅವನನ್ನು ಕೇಳದೆ ನೀವು ಬಾಗಿಲು ಹಾಕಿಕೊಂಡಿದ್ದೀರಿ.

ನಾನು ಕರಡು ತಿದ್ದುವುದನ್ನು ಕಲಿತ ಮೇಜಿನಲ್ಲಿ ಒಂದು ಕಟ್ಟಳೆ ಇತ್ತು. ಎಡ ಅಂಚಿನಲ್ಲಿ ಪ್ರತಿ ವಾಕ್ಯದ ಎದುರೂ ಪೆನ್ಸಿಲಿನಿಂದ ಒಂದಕ್ಷರ ಬರೆಯಬೇಕು. ಕಂಡದ್ದಕ್ಕೆ 'ಕಂ', ಕೇಳಿದ್ದಕ್ಕೆ 'ಕೇ', ಊಹಿಸಿದ್ದಕ್ಕೆ 'ಊ'. ಒಂದು 'ಊ' ನಿಲ್ಲಬೇಕಾದರೆ ಅದರ ಕೆಳಗೆ ಕನಿಷ್ಠ ಒಂದು 'ಕಂ' ಇರಬೇಕು. 'ಊ' ಮೇಲೆ 'ಊ' ಕೂತಿದ್ದರೆ ಅಲ್ಲಿಗೆ ಅಡ್ಡಗೆರೆ. ಹೊಸತರಲ್ಲಿ ಕೈ ನೋಯುತ್ತಿತ್ತು, ಬೇಸರವಾಗುತ್ತಿತ್ತು. ಇವತ್ತಿಗೂ ಪೆನ್ಸಿಲ್ ಹಿಡಿಯದೆ ನನಗೆ ಓದಲು ಬರುವುದಿಲ್ಲ.

ನಿಮ್ಮ ಲೇಖನಕ್ಕೂ ಹಾಗೇ ಅಕ್ಷರ ಹಾಕಿದೆ. ವರ್ಮಿಲಿಯನ್ ಸಿಟಿಯ ಜಿಮ್ (ಪೋಕೆಮಾನ್ ಕಾಳಗದ ಅಖಾಡ) ನಾಯಕ ಲೆಫ್ಟಿನೆಂಟ್ ಸರ್ಜ್ ಬರುವ ಪ್ಯಾರಾ ನೋಡಿ. 'ಯುದ್ಧದಲ್ಲಿ ತನ್ನ ಸಂಗಡಿಗರೆಲ್ಲ ಸತ್ತರೆಂದು ಸರ್ಜ್ ಹೇಳುತ್ತಾನೆ' ಎಂದು ಬರೆದಿದ್ದೀರಿ. ಹೇಳುವುದಿಲ್ಲ. ಇಂಗ್ಲಿಷ್ ಆವೃತ್ತಿಯ ಪರದೆಯಲ್ಲಿ ಬರುವ ಮಾತಿನ ಸಾರ ಇದು: ಕಾಳಗದಲ್ಲಿ ನೀನು ಬಹಳ ಹೊತ್ತು ಬದುಕುವುದಿಲ್ಲ ಮಗು, ಯುದ್ಧದಲ್ಲಿ ನನ್ನನ್ನು ಉಳಿಸಿದ್ದು ಎಲೆಕ್ಟ್ರಿಕ್ ಪೋಕೆಮಾನ್‌ಗಳು, ವೈರಿಗಳಿಗೆ ಶಾಕ್ ಕೊಟ್ಟು ಅಲ್ಲಾಡದಂತೆ ಮಾಡಿದವು. ಅಷ್ಟೇ. ಸತ್ತವರ ಸುದ್ದಿಯೇ ಇಲ್ಲ. ಸರ್ಜ್ ಹೀಗೆ ಹೇಳಿದ ಅನ್ನುವುದು 'ಕಂ'. ಯುದ್ಧ ನಡೆಯಿತು ಅನ್ನುವುದು 'ಕೇ', ಅವನ ಬಾಯಿಂದ ಕೇಳಿದ್ದು. ಕಾಂಟೋದಲ್ಲೇ ನಡೆಯಿತು ಅನ್ನುವುದು 'ಊ', ಅದೂ ಸೊರಗಿದ 'ಊ'. ಯಾಕೆಂದರೆ ಜಿಮ್ ಬಾಗಿಲಲ್ಲೇ ನಿಂತಿರುವ ಮನುಷ್ಯ ಅವನನ್ನು 'ಲೈಟ್ನಿಂಗ್ ಅಮೆರಿಕನ್' ಅಂತ ಕರೆಯುತ್ತಾರೆ ಎನ್ನುತ್ತಾನೆ. ಹೊರಗಿನಿಂದ ಬಂದವನ ಯುದ್ಧ ಹೊರಗೇ ಆಗಿದ್ದಿರಬಹುದು.

ಅದೇ ಜಿಮ್‌ನ ಒಳಗೆ ಒಬ್ಬ ಜಂಟಲ್‌ಮನ್ ನಿಂತಿದ್ದಾನೆ. ತಾನು ಸೈನ್ಯದಲ್ಲಿದ್ದಾಗ ಸರ್ಜ್ ತನ್ನ ಕಟ್ಟುನಿಟ್ಟಿನ ಅಧಿಕಾರಿಯಾಗಿದ್ದ ಎನ್ನುತ್ತಾನೆ. ನಿಮ್ಮ ಹನ್ನೊಂದು ಪುಟದಲ್ಲಿ ಇವನಿಲ್ಲ. ಸೈನ್ಯ ಇತ್ತು ಅನ್ನುವುದಕ್ಕೆ ಎರಡನೇ ಬಾಯಿಯ ಸಾಕ್ಷಿ ಇವನೊಬ್ಬನೇ, ಅವನನ್ನೇ ದಾಟಿ ಹೋಗಿದ್ದೀರಿ! ಸೈನ್ಯ ಬಿಟ್ಟ ಮೇಲೂ ಹಳೆಯ ಅಧಿಕಾರಿಯ ಜೊತೆಗೇ ಇದ್ದಾನೆ. ಆ ಅಧಿಕಾರಿ ತನ್ನ ಬಳಿ ಬರುವ ದಾರಿಗೆ ಕಸದ ಡಬ್ಬಿಗಳಲ್ಲಿ ಸ್ವಿಚ್ ಅಡಗಿಸಿ ಎರಡು ಬೀಗ ಹಾಕಿಸಿದ್ದಾನೆ. ಯುದ್ಧ ಕಂಡು ಬಂದವನಿಗೆ ಈ ಸಮಾಜ ಕೊಟ್ಟ ಕೆಲಸ ಏನು? ಮಕ್ಕಳ ಜೊತೆ ನಿಯಮಕ್ಕೆ ಕಟ್ಟುಬಿದ್ದು ಸೆಣಸುವುದು, ಸೋತರೆ ಬ್ಯಾಡ್ಜ್ ಕೊಟ್ಟು ಕಳಿಸುವುದು. ಸಾವಿರಾರು ಹೆಣಗಳ ಕಲ್ಪನೆಗಿಂತ ಇದು ನನ್ನನ್ನು ಹೆಚ್ಚು ಕಾಡುತ್ತದೆ.

'ಗಂಡಸರೇ ಇಲ್ಲದ ನಾಡು' ಎಂಬ ಉಪಶೀರ್ಷಿಕೆಯನ್ನು ಪೂರ್ತಿ ಹೊಡೆದುಹಾಕಿದ್ದೇನೆ. ಎಂಟು ಜಿಮ್ ನಾಯಕರಲ್ಲಿ ಬ್ರಾಕ್, ಸರ್ಜ್, ಕೋಗಾ, ಬ್ಲೇನ್, ಜಿಯೋವಾನಿ, ಐವರು ಗಂಡಸರು. ದಾರಿಯುದ್ದಕ್ಕೂ ಬೆಟ್ಟ ಹತ್ತುವವರು, ಮೀನು ಹಿಡಿಯುವವರು, ನಾವಿಕರು, ವಿಜ್ಞಾನಿಗಳು, ಬೈಕ್ ಓಡಿಸುವವರು. ತಂದೆ ಕಾಣುವುದಿಲ್ಲ ಅನ್ನುವುದು ನಿಜ. ಆದರೆ ನಾಯಕನ ಊರು ಪ್ಯಾಲೆಟ್ ಟೌನ್‌ನಲ್ಲಿ ಇರುವುದೇ ಎರಡು ಮನೆ, ಒಂದು ಪ್ರಯೋಗಾಲಯ. ಅದನ್ನು ಜನಗಣತಿ ಅಂತ ಓದಿದರೆ ಕಷ್ಟ. ಆಟ ತುಂಬಿದ ಆ ಕಾರ್ಟ್ರಿಜ್‌ನಲ್ಲಿ ಜಾಗ ಎಷ್ಟು ಇಕ್ಕಟ್ಟಾಗಿತ್ತೆಂದರೆ, ದೋಷ ಹುಡುಕುವ ಸಲಕರಣೆ ತೆಗೆದ ಮೇಲೆ ಉಳಿದ ಸುಮಾರು 300 ಬೈಟ್‌ಗಳಲ್ಲಿ ಆಟದ ಪ್ರೋಗ್ರಾಮರ್ ಶಿಗೆಕಿ ಮೊರಿಮೊಟೊ 151ನೇ ಪೋಕೆಮಾನ್ ಮ್ಯೂವನ್ನು ತುರುಕಿದರು. ಇನ್ನು ಮಗ ಹೊರಟಾಗ ತಾಯಿ ಅನ್ನುವುದೇನು? ಗಂಡುಮಕ್ಕಳು ಒಂದು ದಿನ ಮನೆ ಬಿಡುತ್ತಾರೆ, ಟಿವಿಯಲ್ಲಿ ಹಾಗೇ ಹೇಳಿದರು. ಸಾವಿನ ಮನೆಯ ಮಾತು ಇದಲ್ಲ. ಟಿವಿಯಲ್ಲಿ ಬರುವಷ್ಟು ಸಹಜವಾಗಿಬಿಟ್ಟ ರೂಢಿ.

ಆಟದೊಳಗಿನ ಪೋಕೆಮಾನ್ ಕೈಪಿಡಿಯಾದ ಪೋಕೆಡೆಕ್ಸ್ ಟಿಪ್ಪಣಿಗಳನ್ನೂ ನೀವು 'ಕಂ' ಪಟ್ಟಿಗೆ ಸೇರಿಸಿದ್ದೀರಿ. ಅವು 'ಕೇ'. ನಂತರದ ಆಟಗಳಲ್ಲಿ ಬರುವ ಬಸವನಹುಳು ಪೋಕೆಮಾನ್ ಮ್ಯಾಗ್‌ಕಾರ್ಗೋದ ಮೈಶಾಖ 18,000 ಡಿಗ್ರಿ ಫ್ಯಾರನ್‌ಹೀಟ್ ಎಂದು ಅದರಲ್ಲಿದೆ. ಸೂರ್ಯನ ಮೇಲ್ಮೈಯೇ ಸುಮಾರು 10,000. ಅದು ಅಕ್ಷರಶಃ ನಿಜವಾದರೆ ಆ ಬಸವನಹುಳು ಹಾದ ಊರು ಉಳಿಯುವುದಿಲ್ಲ.

ಒಂದೇ ಪದದಿಂದ ದೊಡ್ಡ ಮಾತು ಹೊರಡಿಸಬಾರದು ಅಂತ ನಾನು ಹೇಳುತ್ತಿಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಲಿಪಿ ಬ್ರಾಹ್ಮೀ. ಕೊನೆಯಲ್ಲಿ ಬರೆದವನು ಚಪಡ ಎಂದು ಹೆಸರಿದೆ. ಅವನು 'ಲಿಪಿಕಾರ' ಅನ್ನುವ ಆ ಒಂದು ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಖರೋಷ್ಠಿ ವಾಯವ್ಯದ ಗಾಂಧಾರದ ಕಡೆಯ ಲಿಪಿ. ಆದ್ದರಿಂದ ಚಪಡ ಆ ಕಡೆಯವನೋ, ಅಲ್ಲಿ ಬರೆಯಲು ಕಲಿತವನೋ ಇರಬೇಕೆಂದು ವಿದ್ವಾಂಸರು ಊಹಿಸಿದರು. ಒಂದೇ ಪದ, ಎಷ್ಟು ದೂರದ ದಾರಿ ತೋರಿಸುತ್ತದೆ ನೋಡಿ. ಆದರೆ ಆ ಪದ ಹೊರುವಷ್ಟೇ ಭಾರ ಹೊರಿಸಿದರು. ಚಪಡನ ಹೆಂಡತಿ ಮಕ್ಕಳ ಕಥೆ ಕಟ್ಟಲಿಲ್ಲ. ಸರ್ಜ್ ಬಾಯಿಂದ ಬಂದ 'ಯುದ್ಧ' ಎಂಬ ಪದದ ಎದುರು ನೀವೂ ಹಾಗೇ ಕೂರಬೇಕಿತ್ತು.

ಕ್ಯೂಬೋನ್, ಡಿಟ್ಟೊ ಎಂಬ ಪೋಕೆಮಾನ್ ಕುರಿತ ಭಾಗಗಳ ಬಗ್ಗೆ ಈ ಪತ್ರದಲ್ಲಿ ಏನೂ ಹೇಳುವುದಿಲ್ಲ. ಹತ್ತನೇ ಪುಟದ ತಳದಲ್ಲಿ ಎರಡೇ ಸಾಲಿನಲ್ಲಿ ಬಿಟ್ಟುಹೋದ ಸೈಕಲ್ ಬಗ್ಗೆ ಹೇಳಬೇಕು.

ಸೆರುಲಿಯನ್ ಸಿಟಿಯ ಅಂಗಡಿಯಲ್ಲಿ ಸೈಕಲ್ಲಿಗೆ ಆಟದ ದುಡ್ಡಿನಲ್ಲಿ ಹತ್ತು ಲಕ್ಷ. ಆಟಗಾರನ ಜೇಬು ಹಿಡಿಯುವುದು ಹೆಚ್ಚೆಂದರೆ 9,99,999. ಒಂದೇ ಒಂದು ಕಡಿಮೆ! ಎಷ್ಟು ದುಡಿದರೂ ಕೊಳ್ಳಲಾಗದು. ಪೋಕೆಮಾನ್ ಹಿಡಿಯುವ ಚೆಂಡು, ಪೋಕೆ ಬಾಲ್, ಒಂದಕ್ಕೆ 200. ಅಂದರೆ ಒಂದು ಸೈಕಲ್ಲಿಗೆ 5,000 ಚೆಂಡು. ಅದೇ ನಾಡಿನಲ್ಲಿ ಪೋಕೆಮಾನ್ ಸೆಂಟರ್‌ನ ಚಿಕಿತ್ಸೆಗೆ ಚಿಕ್ಕಾಸೂ ಇಲ್ಲ. ಹಾಗಾದರೆ ಸೈಕಲ್ ಸಿಗುವುದು ಹೇಗೆ? ವರ್ಮಿಲಿಯನ್‌ನ ಫ್ಯಾನ್ ಕ್ಲಬ್ಬಿಗೆ ಹೋಗಿ, ಅಧ್ಯಕ್ಷರು ತಮ್ಮ ಕುದುರೆ ಪೋಕೆಮಾನ್ ರ‍್ಯಾಪಿಡ್ಯಾಶ್‌ನ ಗುಣಗಾನ ಮಾಡುವುದನ್ನು ಕೊನೆತನಕ ಕೇಳಿಸಿಕೊಳ್ಳಬೇಕು. ಮೆಚ್ಚಿ ಒಂದು ಚೀಟಿ ಕೊಡುತ್ತಾರೆ. ಆ ಚೀಟಿಗೆ ಅಂಗಡಿಯವನು ಸೈಕಲ್ಲನ್ನು ಹಾಗೇ ಕೊಡುತ್ತಾನೆ.

ಇಷ್ಟೂ 'ಕಂ'. ದುಡ್ಡು ಮುಟ್ಟದ ವಸ್ತುವನ್ನು ಹಿರಿಯರೊಬ್ಬರ ಚೀಟಿ ತಂದುಕೊಡುತ್ತದೆ. ಇದು ಯಾವ ಬಗೆಯ ಸಮಾಜ, ಚೀಟಿ ಸಿಗದವರು ಏನು ಮಾಡುತ್ತಾರೆ, ಅಂಗಡಿಯವನಿಗೆ ಆ ಹತ್ತು ಲಕ್ಷ ಯಾರು ತುಂಬಿಕೊಡುತ್ತಾರೆ? ಇದರ ಮೇಲೆ ನಿಮ್ಮ 'ಊ'ಗಳನ್ನು ಕಟ್ಟಿ, ಐದು ಪುಟ ಸಾಕು. ಎಡಕ್ಕೆ ಎರಡು ಅಂಗುಲ ಅಂಚು ಬಿಟ್ಟು, ಅಕ್ಷರಗಳನ್ನು ನೀವೇ ಹಾಕಿ ಕಳಿಸಿ. ಯಾವ ಆವೃತ್ತಿಯ ಆಟ ಅಂತ ಮೊದಲ ಪುಟದಲ್ಲೇ ಬರೆಯಿರಿ. ಪಾತ್ರಗಳ ಮಾತನ್ನು ನೆನಪಿನಿಂದ ಬರೆಯಬೇಡಿ, ಪರದೆ ಎದುರಿಗೆ ಇಟ್ಟುಕೊಂಡು ಇಳಿಸಿಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಆ ಐದು ಪುಟಕ್ಕೆ ಜಾಗ ತೆಗೆದಿಟ್ಟಿದ್ದೇನೆ.

ಸಂಪಾದಕ
ಚಿತ್ರದುರ್ಗ