ಓದುಗರ ಪ್ರಶ್ನೆ: ಬೆಂಜಮಿನ್ ರಶ್ ಎಡವಿದ್ದೆಲ್ಲಿ?

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಡಾ. ಬೆಂಜಮಿನ್ ರಶ್ ಸೈನ್ಯದಲ್ಲಿ ಮಾಡಿದ ಕೆಲಸವೇನು?
— ಓದುಗರು, ಶಿವಮೊಗ್ಗ

ರಶ್ ಎಡಿನ್‌ಬರೋದಲ್ಲಿ ವೈದ್ಯ ಪದವಿ ಪಡೆದು, 1769ರಲ್ಲಿ ಫಿಲಡೆಲ್ಫಿಯಾದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದವರು. ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ಸಿಗೆ ಆಯ್ಕೆಯಾದದ್ದು 1776ರ ಜುಲೈ 20ರಂದು, ಘೋಷಣೆ ಅಂಗೀಕಾರವಾದ ಮೇಲೆ. ಹಾಗಾಗಿ ಅವರು ಸಹಿ ಹಾಕಿದರೇ ಹೊರತು ಮತ ಹಾಕಿದವರಲ್ಲ. 1777ರಲ್ಲಿ ಸೈನ್ಯದ ಮಧ್ಯ ವಿಭಾಗದ ಸರ್ಜನ್ ಜನರಲ್, ಅಂದರೆ ಹಿರಿಯ ವೈದ್ಯಾಧಿಕಾರಿ, ಆದರು. ಗುಂಡೇಟಿಗಿಂತ ಜ್ವರ, ಭೇದಿಗಳೇ ಹೆಚ್ಚು ಸೈನಿಕರನ್ನು ಕೊಲ್ಲುತ್ತಿದ್ದ ಕಾಲ. ಕೂದಲು ಗಿಡ್ಡವಾಗಿ ಕತ್ತರಿಸಿ ದಿನಾ ಬಾಚಿ, ವಾರಕ್ಕೆರಡು ಮೂರು ಬಾರಿ ಮೈ ತೊಳೆಯಿರಿ, ಹಾಸುವ ಹುಲ್ಲನ್ನು ಬಿಸಿಲಿಗೆ ಹಾಕಿ, ತರಕಾರಿ ಹೆಚ್ಚು ತಿನ್ನಿ, ರಮ್ ಬಿಡಿ ಎಂದು ಬರೆದರು. ಟೈಫಸ್ ಎಂಬ ಮಾರಕ ಜ್ವರ ಹೇನಿನಿಂದ ಹರಡುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಆದರೂ ಈ ಶುಚಿತ್ವದ ಕ್ರಮಗಳು ಹೇನನ್ನೇ ತಡೆಯುವಂಥವು. ಆಸ್ಪತ್ರೆಗಳ ದುರವಸ್ಥೆಯ ಬಗ್ಗೆ ಮೇಲಧಿಕಾರಿಯ ಮೇಲೆ ದೂರು ಕೊಟ್ಟ ಅವರು 1778ರ ಜನವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು.

ಪ್ರಶ್ನೆ: ಇಷ್ಟು ತಿಳಿದವರು 1793ರ ಹಳದಿ ಜ್ವರದಲ್ಲಿ ಚಿಕಿತ್ಸೆಯೆಂದು ರೋಗಿಗಳ ರಕ್ತ ತೆಗೆದದ್ದೇಕೆ?
— ವೈದ್ಯ ವಿದ್ಯಾರ್ಥಿನಿ, ದಾವಣಗೆರೆ

ಸುಮಾರು 50,000 ಜನರಿದ್ದ ಫಿಲಡೆಲ್ಫಿಯಾದಲ್ಲಿ ಆ ವರ್ಷ ಸತ್ತವರು 5,000ದಷ್ಟು. ಅಷ್ಟಾದರೂ ರಶ್ ಊರು ಬಿಡಲಿಲ್ಲ. ಆ ಧೈರ್ಯವನ್ನು ಮೆಚ್ಚಲೇಬೇಕು. ಅವರ ಔಷಧಿ ಮಾತ್ರ ಭಯಂಕರ: 10 ಗ್ರೇನ್ (ಸುಮಾರು 650 ಮಿಲಿಗ್ರಾಂ) ಕ್ಯಾಲೊಮೆಲ್, ಅಂದರೆ ಪಾದರಸದ ಕ್ಲೋರೈಡ್, ಜೊತೆಗೆ 10ರಿಂದ 15 ಗ್ರೇನ್ ಜಲಾಪ್ ಬೇರಿನ ಪುಡಿ. ಎರಡೂ ಕಡು ಭೇದಿಮದ್ದು. ಅದರ ಮೇಲೆ ಮತ್ತೆ ಮತ್ತೆ ರಕ್ತ ತೆಗೆಯುವುದು. ವಾಂತಿ, ಜ್ವರದಿಂದ ಮೊದಲೇ ಒಣಗಿದ ದೇಹ ಇನ್ನಷ್ಟು ನೀರು ಕಳೆದುಕೊಂಡು, ರಕ್ತದೊತ್ತಡ ಕುಸಿಯುತ್ತಿತ್ತು.

ತಪ್ಪಿನ ಬೇರು ಎರಡು. ಜ್ವರವೆಲ್ಲ ರಕ್ತನಾಳಗಳ ಬಿಗಿತದಿಂದಲೇ ಬರುತ್ತದೆ, ರಕ್ತ ತೆಗೆದರೆ ಆ ಬಿಗಿತ ಸಡಿಲವಾಗುತ್ತದೆ ಎಂಬ ನಂಬಿಕೆ ಒಂದು. ದೇಹದಲ್ಲಿ ನಿಜವಾಗಿ ಇರುವುದಕ್ಕಿಂತ ಇಮ್ಮಡಿಯಷ್ಟು ರಕ್ತವಿದೆಯೆಂಬ ತಪ್ಪು ಲೆಕ್ಕ ಇನ್ನೊಂದು; ಹಾಗಾಗಿ ಎಷ್ಟು ತೆಗೆದರೂ ಅವರಿಗೆ ಹೆಚ್ಚೆನಿಸಲಿಲ್ಲ. ತಮಗೇ ಜ್ವರ ಬಂದಾಗ ಇದೇ ಚಿಕಿತ್ಸೆ ಪಡೆದು ಬದುಕಿದ್ದು ಆ ನಂಬಿಕೆಯನ್ನು ಗಟ್ಟಿ ಮಾಡಿತು. ಬುಷ್ ಹಿಲ್ ಆಸ್ಪತ್ರೆಯಲ್ಲಿ ಫ್ರೆಂಚ್ ವೈದ್ಯ ಜಾನ್ ದೆವೆಜ್ ವಿಶ್ರಾಂತಿ, ಪಾನೀಯ, ಸೌಮ್ಯ ಔಷಧಿಗಳಿಂದ ನೋಡಿಕೊಳ್ಳುತ್ತಿದ್ದರು. ಅಲ್ಲಿನ ರೋಗಿಗಳನ್ನೂ ತಮ್ಮವರನ್ನೂ ರಶ್ ಪಕ್ಕಪಕ್ಕ ಇಟ್ಟು ಎಣಿಸಿ ನೋಡಬೇಕಿತ್ತು. ನನ್ನ ಮಟ್ಟಿಗೆ ಅವರ ನಿಜವಾದ ಲೋಪ ಇದೇ.

ರೋಗದ ಮೂಲವನ್ನು ಅವರು ಬಂದರುಕಟ್ಟೆಯಲ್ಲಿ ಕೊಳೆತ ಕಾಫಿಯಲ್ಲಿ ಹುಡುಕಿದರು. ಹರಡುತ್ತಿದ್ದದ್ದು ನಮ್ಮಲ್ಲಿ ಡೆಂಗಿ ತರುವ ಅದೇ ಈಡಿಸ್ ಸೊಳ್ಳೆ. ನವೆಂಬರಿನ ಹೊತ್ತಿಗೆ ಬಿದ್ದ ಹಿಮ ಸೊಳ್ಳೆಗಳನ್ನು ಕೊಂದ ಮೇಲೆ ಊರಿನ ಜ್ವರ ನಿಂತಿತು.